ಅಲಂಕಾರವೆಂಬ ಹೆಸರಿನಲ್ಲಿ

ಸರ್ಕಾರಿ ಕಡತಗಳಲ್ಲಿಯೂ ಪತ್ರಿಕೆಗಳಲ್ಲಿಯೂ ನೆಲೆನಿಂತಿರುವ ‘ಅಲಂಕಾರಿಕ ಮೀನು’ ಎಂಬ ಮಾತನ್ನು ಸಾಹಿತ್ಯದ ವಿದ್ಯಾರ್ಥಿಗಳು ತುಸು ಪರೀಕ್ಷಿಸಿ ನೋಡಬೇಕು. ಕವಿರಾಜಮಾರ್ಗದಿಂದ ಮೊದಲುಗೊಂಡು ನಮ್ಮ ಲಾಕ್ಷಣಿಕರು ಅಲಂಕಾರವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಧ್ವನಿವಾದಿಗಳಂತೂ ಅದನ್ನು ಶರೀರಕ್ಕೆ ತೊಡಿಸಿದ ಆಭರಣಕ್ಕೆ ಹೋಲಿಸಿದರು. ಅಲಂಕಾರಕ್ಕೆ ಸ್ವಂತ ಬಾಳಿಲ್ಲ. ಅಲಂಕಾರ್ಯವೊಂದಿದ್ದರೆ ಮಾತ್ರ ಅದಕ್ಕೆ ಅರ್ಥ. ಹವಳದ ದಿಬ್ಬದಲ್ಲಿ ಹುಟ್ಟಿ, ಅಲ್ಲಿಯೇ ಮೇದು, ಮರಿಮಾಡುವ ಜೀವಿಗೆ ಈ ಹೆಸರಿಟ್ಟೊಡನೆ ಅದು ಯಾರದೋ ಮನೆಯ ಹಜಾರಕ್ಕೆ ಸಲ್ಲುವ ಒಡವೆಯಾಗಿಬಿಡುತ್ತದೆ. ಕಡಲಜೀವಿಗಳ ಸಂಗ್ರಹವನ್ನು ಕುರಿತ ನಮ್ಮ ನಿಯಮಗಳು ದಾರಿ ತಪ್ಪಿರುವುದು ಈ ದೃಷ್ಟಿದೋಷದಿಂದ ಎಂಬುದು ನನ್ನ ವಾದ.

2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಅಕ್ವೇರಿಯಂ ಅಂಗಡಿಗಳಿಗೆ ನಿಯಮಾವಳಿಯೊಂದನ್ನು ಹೊರಡಿಸಿತು. ಕ್ಲೌನ್‌ಫಿಶ್, ಬಟರ್‌ಫ್ಲೈ ಮೀನು ಮುಂತಾದ 158 ಜಾತಿಗಳನ್ನು ಇಟ್ಟುಕೊಳ್ಳುವುದನ್ನೂ ಮಾರುವುದನ್ನೂ ಅದು ನಿಷೇಧಿಸಿತು. ವ್ಯಾಪಾರಿಗಳೂ ಹವ್ಯಾಸಿಗಳೂ ವಿರೋಧಿಸಿದರು, ನಿಯಮಾವಳಿಯನ್ನು ಹಿಂತೆಗೆದುಕೊಳ್ಳಲಾಯಿತು. ವಿರೋಧಕ್ಕೆ ನ್ಯಾಯವಾದ ಕಾರಣವೊಂದಿತ್ತು. ಕ್ಲೌನ್‌ಫಿಶ್ ಅನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಆ ವೇಳೆಗಾಗಲೇ ಸಾಧಿಸಿತ್ತು. ಹಾಗೆ ಸಾಕಿದ ಮರಿಗೂ ದಿಬ್ಬದಿಂದ ಹಿಡಿದು ತಂದ ಮೀನಿಗೂ ಒಂದೇ ನಿಷೇಧವನ್ನು ಹೇರಿದ್ದು ಅವಿವೇಕ. ಆದರೆ ಕೆಟ್ಟ ನಿಯಮ ತೊಲಗಿದ ಜಾಗದಲ್ಲಿ ಒಳ್ಳೆಯ ನಿಯಮ ಬರಬೇಕೆಂದು ಒತ್ತಾಯಿಸದೆ ಎಲ್ಲರೂ ಸುಮ್ಮನಾದದ್ದು ಅದಕ್ಕಿಂತ ದೊಡ್ಡ ತಪ್ಪು.

ಏಕೆಂದರೆ ಇಲ್ಲಿ ಮೂಲ ಪ್ರಶ್ನೆ ಸಂಗ್ರಹದ್ದು. ಅಂಗಡಿಗಳಲ್ಲಿ ಕಾಣುವ ಸಿಹಿನೀರಿನ ಮೀನುಗಳಲ್ಲಿ ಬಹುಪಾಲು ಸಾಕಿ ಬೆಳೆಸಿದವು. ಉಪ್ಪುನೀರಿನ ಜಾತಿಗಳಲ್ಲಿ ಬಹುಪಾಲು ಇಂದಿಗೂ ಕಡಲಿನಿಂದಲೇ ಹಿಡಿದವು. ಕೆಲವು ದೇಶಗಳಲ್ಲಿ ಹಿಡಿಯುವವರು ಹವಳದ ಸಂದಿಗಳಿಗೆ ಸೋಡಿಯಂ ಸಯನೈಡ್ ಚಿಮ್ಮಿಸಿ ಮೀನಿಗೆ ಮಂಪರು ಬರಿಸುತ್ತಾರೆ. 1960ರ ದಶಕದಲ್ಲಿ ಫಿಲಿಪೀನ್ಸ್‌ನಲ್ಲಿ ಹಬ್ಬಿದ ಈ ಪದ್ಧತಿಯಿಂದ ಹವಳವೂ ಸಾಯುತ್ತದೆ. ಬಲೆಯಿಂದ ಹಿಡಿದರೂ ಲೆಕ್ಕ ಸರಳವಲ್ಲ. ಕ್ಲೌನ್‌ಫಿಶ್ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಅದು ಹೋದರೆ ಅದರ ಜೊತೆಗಾರ ಗಂಡೇ ಹೆಣ್ಣಾಗಿ ಮಾರ್ಪಡಬೇಕು, ಇನ್ನೊಂದು ಕಿರಿಯ ಮೀನು ಬೆಳೆದು ಗಂಡಿನ ಸ್ಥಾನಕ್ಕೆ ಬರಬೇಕು. ಅಲ್ಲಿಯತನಕ ಆ ನೆಲೆಯಲ್ಲಿ ಮೊಟ್ಟೆಯಿಲ್ಲ. ಒಂದು ಮೀನನ್ನು ತೆಗೆದೆವೆಂದುಕೊಂಡಾಗ ಒಂದು ಸಂಸಾರದ ಸಂತಾನವನ್ನೇ ತಡೆದಿರುತ್ತೇವೆ. ಬಟರ್‌ಫ್ಲೈ ಮೀನುಗಳಲ್ಲಿ ಕೆಲವು ಜೀವಂತ ಹವಳವನ್ನಲ್ಲದೆ ಬೇರೇನನ್ನೂ ತಿನ್ನಲಾರವು. ಅಂಥವನ್ನು ಮಾರುವವನು ಹಸಿವಿನಿಂದ ಸಾಯಲಿರುವ ಜೀವಿಯನ್ನು ಮಾರುತ್ತಾನೆ. ಕೊಳ್ಳುವವನಿಗೆ ಅದು ತಿಳಿದಿರುವುದಿಲ್ಲ.

ಕಾನೂನು ಇಲ್ಲವೇ ಇಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಿಗೆ 2001ರಲ್ಲಿ ಕಡಲಕುದುರೆ, ಕಡಲಸೌತೆ, ಹವಳಗಳು ಸೇರಿದವು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ನೂರಾರು ಬಣ್ಣದ ಮೀನುಗಳ ಪಾಡೇನು? ಅಕ್ವೇರಿಯಂಗಾಗಿ ಕಡಲಜೀವಿಗಳನ್ನು ಹಿಡಿಯುವುದನ್ನೇ ಕುರಿತ ಪ್ರತ್ಯೇಕ ರಾಷ್ಟ್ರೀಯ ಕಾಯ್ದೆ ನಮ್ಮಲ್ಲಿಲ್ಲ. ಊಟದ ಮೀನಿಗಾದರೋ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ 61 ದಿನಗಳ ನಿಷೇಧವಿದೆ. ಹೊಟ್ಟೆಗಾಗಿ ಹಿಡಿಯುವವನು ಎರಡು ತಿಂಗಳು ದೋಣಿಯನ್ನು ದಡಕ್ಕೆಳೆದು ಕಾಯಬೇಕು. ಕಣ್ಣಿಗಾಗಿ ಹಿಡಿಸುವವನಿಗೆ ಅದಕ್ಕೆ ಸಮನಾದ ಯಾವ ಪ್ರತ್ಯೇಕ ಕಟ್ಟುಪಾಡೂ ಬೇಡವೆ?

ನಿಯಮ ಬಂದರೆ ಬಡ ಮೀನುಗಾರರ ಅನ್ನ ಹೋಗುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಆದರೆ ಹವಾಯಿಯ ಅನುಭವ ಬೇರೆ ಮಾತನ್ನು ಹೇಳುತ್ತದೆ. ಅಲ್ಲಿನ ದೊಡ್ಡ ದ್ವೀಪದ ಪಶ್ಚಿಮ ಕರಾವಳಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು 1999ರ ಕೊನೆಯಲ್ಲಿ ಅಕ್ವೇರಿಯಂ ಸಂಗ್ರಹಕ್ಕೆ ಮುಚ್ಚಲಾಯಿತು. ಮುಚ್ಚಿದ ಕಡೆ ಯೆಲ್ಲೋ ಟ್ಯಾಂಗ್ ಎಂಬ ಹಳದಿ ಮೀನು ಮತ್ತೆ ಹೆಚ್ಚಿತು; ಉಳಿದ ಕಡೆ ಸಂಗ್ರಹ ಮುಂದುವರಿದಿತ್ತು. ಮುಂದೆ, ಹಿಡಿಯಬಹುದಾದ 40 ಜಾತಿಗಳನ್ನಷ್ಟೇ ಹೆಸರಿಸಿ ಉಳಿದವನ್ನು ಕೈಬಿಡಲಾಯಿತು. ಅಷ್ಟೂ ಸಾಲದೆಂದು 2017ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಪರವಾನಗಿಗೆ ಮುನ್ನ ಪರಿಸರ ಪರಿಶೀಲನೆ ನಡೆಯಬೇಕೆಂದಿತು. ಮೀನುಗಾರನ ನಾಳಿನ ಅನ್ನವನ್ನು ನಿಜವಾಗಿ ಕಸಿಯುವುದು ಬರಿದಾದ ದಿಬ್ಬ, ನಿಯಮವಲ್ಲ.

ಕರ್ನಾಟಕಕ್ಕೂ ಇದು ದೂರದ ಮಾತಲ್ಲ. ಮುರುಡೇಶ್ವರದ ಆಚೆ ನೇತ್ರಾಣಿಯ ಸುತ್ತ ಹವಳವಿದೆ, ಹವಳದ ಮೀನುಗಳಿವೆ. ತೀರಕ್ಕೆ ಹೊಂದಿದ ಕಡಲಿನ ಮೀನುಗಾರಿಕೆ ರಾಜ್ಯದ ಅಧಿಕಾರಕ್ಕೆ ಸೇರಿದ್ದು. 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯೂ ಕೈಯಲ್ಲಿದೆ. ಎಲ್ಲಿ, ಯಾವ ಕಾಲದಲ್ಲಿ, ಯಾವ ಸಾಧನದಿಂದ, ಯಾವ ಗಾತ್ರದ ಎಷ್ಟು ಮೀನು ಹಿಡಿಯಬಹುದೆಂದು ಸರ್ಕಾರ ಹೇಳಲಿ. ತೊಟ್ಟಿಯಲ್ಲಿ ಬದುಕಲಾರದ ಜಾತಿಗಳನ್ನು ಹಿಡಿಯಗೊಡದಿರಲಿ. ಮಾರುವ ಪ್ರತಿ ಕಡಲಮೀನಿನ ಜೊತೆಗೆ ಅದು ಸಾಕಿದ್ದೋ ಹಿಡಿದದ್ದೋ ಎಂಬುದನ್ನು ತೋರಿಸುವ ಹೊಣೆ ವ್ಯಾಪಾರಿಯ ಮೇಲಿರಲಿ. ಆ ಕಾಗದವನ್ನು ಕೇಳಿ ಪಡೆಯುವ ಹೊಣೆ ಕೊಳ್ಳುವವರದು. ಮತ್ತು ಆ ನಿಯಮವನ್ನು ಕನ್ನಡದಲ್ಲಿ ಬರೆಯುವವರು ದಯವಿಟ್ಟು ‘ಅಲಂಕಾರಿಕ’ ಎಂಬ ವಿಶೇಷಣವನ್ನು ಬಿಟ್ಟು, ‘ಹವಳದ ದಿಬ್ಬದ ಮೀನು’ ಎಂದು ಅದರ ಮನೆಯ ಹೆಸರಿನಿಂದಲೇ ಕರೆಯಲಿ.