ಹದಿನೆಂಟು ‘ಎಂಟು’ ಅಂತ ಕೇಳಿಸಿದ್ರೆ ತಪ್ಪು ಕಿವೀದಲ್ಲ

ಫೋಟೋದಲ್ಲಿ ಇರೋದು ನಮ್ಮನೆ ಜಗಲಿ. ಪಕ್ಕದಲ್ಲಿ ಒಣಗ್ತಿರೋದು ಹಲಸಿನ ಬೀಜ (ಸೀಸನ್‌ನಲ್ಲಿ ಚೇಳೂರಲ್ಲಿ ಅದಿಲ್ಲದೆ ಫೋಟೋ ತೆಗೆಯೋದೇ ಕಷ್ಟ). ಮಧ್ಯದಲ್ಲಿ ಅಣ್ಣನಿಂದ ನನಗೆ ಬಂದ ಹಳೇ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್ ಏದುಸಿರು ಬಿಡ್ತಿತ್ತು, ಲಿನಕ್ಸ್ ಹಾಕ್ಕೊಂಡೆ. ಆದ್ರೆ ಬಿಕಾಂಗೆ ಟ್ಯಾಲಿ ಬೇಕು, ಟ್ಯಾಲಿಗೆ ವಿಂಡೋಸ್ ಬೇಕು. ಅದಕ್ಕೇ ಲಿನಕ್ಸ್ ಒಳಗೆ ವರ್ಚುವಲ್‌ಬಾಕ್ಸ್, ಅದರೊಳಗೆ ವಿಂಡೋಸ್ 10.

ಪಾಠದ ರೆಕಾರ್ಡಿಂಗನ್ನೂ ಆ ಒಳಗಿನ ವಿಂಡೋಸ್‌ನಲ್ಲೇ ಹಾಕ್ಕೊಂಡು, ಪಕ್ಕದಲ್ಲೇ ಎಂಟ್ರಿ ಮಾಡ್ತಿದ್ದೆ. ದನಿ ಕಟ್ ಕಟ್ ಆಗಿ ಬರ್ತಿತ್ತು. ‘ಹದಿನೆಂಟು ಪರ್ಸೆಂಟ್ ಜಿಎಸ್‌ಟಿ’ ಅಂದಿದ್ದು ‘ಎಂಟು ಪರ್ಸೆಂಟ್’ ಅಂತ ಕೇಳಿಸ್ತು, ಹಂಗೇ ಹಾಕಿದೆ. ಸರಕಿಗೆ ಆ ದರವೇ ಇಲ್ಲ, ಅದಕ್ಕೇ ಸಿಕ್ಕಿಬಿದ್ದೆ. ಬಿಲ್ ಮೊತ್ತದಲ್ಲಿ ಆಗಿದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ.

ಕೇಳಿದೋರೆಲ್ಲ ಹೇಳಿದ್ದು ಎರಡೇ ಮಾತು: ನೆಟ್ ಸರಿ ಇಲ್ಲ, ಇಲ್ಲಾಂದ್ರೆ ಹೊಸ ಲ್ಯಾಪ್‌ಟಾಪ್ ತಗೋ. ದುಡ್ಡು ತೆಗೆಯೋಕೆ ಮುಂಚೆ ನೀವು ಒಂದು ಕೆಲಸ ಮಾಡಿ. ಡೌನ್‌ಲೋಡ್ ಮಾಡಿದ ಒಂದೇ ಫೈಲನ್ನ ಹೊರಗೆ ಒಂದ್ಸಲ, ವರ್ಚುವಲ್ ಮಷಿನ್ ಒಳಗೆ ಒಂದ್ಸಲ ಹಾಕಿ ಕೇಳಿ. ಹೊರಗೆ ಚೆನ್ನಾಗಿದ್ದು ಒಳಗೆ ಮಾತ್ರ ತುಂಡಾದ್ರೆ, ನೆಟ್ಟೂ ಅಲ್ಲ, ಇಯರ್‌ಫೋನೂ ಅಲ್ಲ.

ತೋಟ ಇರೋರಿಗೆ ಇದು ಬೇಗ ಅರ್ಥ ಆಗುತ್ತೆ. ತ್ರೀ ಫೇಸ್ ಕರೆಂಟ್ ಸರದಿಯಲ್ಲಿ ಬರುತ್ತೆ, ಬಂದಾಗ ಮೋಟರ್ ತೊಟ್ಟಿ ತುಂಬಿಸುತ್ತೆ, ಆಮೇಲೆ ಕರೆಂಟ್ ಹೋದ್ರೂ ನಲ್ಲೀಲಿ ನೀರು ಬರ್ತಾ ಇರುತ್ತೆ. ಸೌಂಡಿನ ತೊಟ್ಟಿ ಹೆಸರು ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ ಖರ್ಚಾಗೋ ಕಡೆ 1,024 ಸ್ಯಾಂಪಲ್ ಹಿಡಿಯೋ ಬಫರ್ ಅಂದ್ರೆ ಸುಮಾರು 21 ಮಿಲಿಸೆಕೆಂಡಿನ ನೀರು ಅಷ್ಟೇ. ಅಷ್ಟರೊಳಗೆ ವರ್ಚುವಲ್ ಮಷಿನ್‌ಗೆ ಸಿಪಿಯು ಸರದಿ ಸಿಗದಿದ್ರೆ ತೊಟ್ಟಿ ಖಾಲಿ. ಆ ‘ಹದಿ’ ಹೋಗಿದ್ದು ಅಲ್ಲೇ.

ನನ್ನ ತಪ್ಪು ಏನಪ್ಪಾ ಅಂದ್ರೆ ಧಾರಾಳತನ. ಲ್ಯಾಪ್‌ಟಾಪ್‌ನಲ್ಲಿ ನಿಜವಾದ ಕೋರ್ 2, ಥ್ರೆಡ್ 4. ನಾನು ಸ್ಲೈಡರನ್ನ ಕೆಂಪಿನವರೆಗೂ ಎಳೆದು ನಾಲ್ಕೂ ಕೊಟ್ಟಿದ್ದೆ, 8 ಜಿಬಿ ರ್‍ಯಾಮ್‌ನಲ್ಲಿ 6 ಕೊಟ್ಟಿದ್ದೆ. ಸೌಂಡನ್ನ ಕೊನೆಗೆ ಸ್ಪೀಕರಿಗೆ ತಲುಪಿಸಬೇಕಾದ ಹೊರಗಿನ ಲಿನಕ್ಸ್‌ಗೇ ಜಾಗ ಉಳಿದಿರ್ಲಿಲ್ಲ! ಕೋರ್ 2ಕ್ಕೆ, ರ್‍ಯಾಮ್ 4 ಜಿಬಿಗೆ ಇಳಿಸಿದೆ. ಗೆಸ್ಟ್ ಅಡಿಷನ್ಸ್ ಹಾಕಿದೆ, ಆಡಿಯೋ ಕಂಟ್ರೋಲರ್ ಇಂಟೆಲ್ ಎಚ್‌ಡಿ ಆಡಿಯೋ ಮಾಡಿದೆ. ಮುಕ್ಕಾಲು ಪಾಲು ಸರಿಹೋಯ್ತು.

ನಿಮ್ಮದು ಉಲ್ಟಾ, ಅಂದ್ರೆ ಹೊರಗೆ ವಿಂಡೋಸ್ ಆಗಿದ್ರೆ, ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟೀಲಿ ಹಸಿರು ಆಮೆ ಇದೆಯಾ ನೋಡಿ. ತಮಾಷೆಗೆ ಇಟ್ಟಿದ್ದಲ್ಲ ಅದು. ಹೈಪರ್-ವಿ ಆಗಲೇ ಕೂತಿದೆ, ವರ್ಚುವಲ್‌ಬಾಕ್ಸ್ ಅದರ ಮೇಲೆ ನಿಧಾನಕ್ಕೆ ನಡೀತಿದೆ ಅಂತ ಅರ್ಥ. ಅದನ್ನ ಆಫ್ ಮಾಡಿ ಅಂತ ಸುಮಾರು ವಿಡಿಯೋಗಳು ಹೇಳ್ತವೆ. ಆದ್ರೆ ಅದರ ಜೊತೆ ಮೆಮೊರಿ ಇಂಟೆಗ್ರಿಟಿ ಅನ್ನೋ ಭದ್ರತೆಯನ್ನೂ ತೆಗೀಬೇಕಾಗಬಹುದು. ಬ್ಯಾಂಕ್ ಕೆಲಸ ಮಾಡೋ ಲ್ಯಾಪ್‌ಟಾಪ್‌ನಲ್ಲಿ ನಾನಂತೂ ತೆಗೆಯಲ್ಲ.

ಒಳಗಿರೋದು ಲಿನಕ್ಸ್, ಅದರಲ್ಲಿ ಪೈಪ್‌ವೈರ್ ಇದ್ರೆ ತೊಟ್ಟೀನೇ ದೊಡ್ಡದು ಮಾಡಬಹುದು: ವೈರ್‌ಪ್ಲಂಬರ್ ಸೆಟ್ಟಿಂಗಲ್ಲಿ ಹೆಡ್‌ರೂಮ್ ಜಾಸ್ತಿ ಮಾಡಿ. ದನಿ ಒಂಚೂರು ತಡ ಆಗುತ್ತೆ. ಪಾಠ ಕೇಳೋಕೆ ಏನೂ ತೊಂದರೆ ಇಲ್ಲ, ಗೇಮ್ ಆಡೋರಿಗೆ ಸಿಟ್ಟು ಬರಬಹುದು.

ಉಳಿದ ಕಾಲು ಪಾಲಿಗೆ ನಾನು ಮಾಡಿದ್ದು ಇಷ್ಟು: ಟ್ಯಾಲಿ ಮಾತ್ರ ಒಳಗೆ, ಪಾಠ ಹೊರಗೆ. ಅರ್ಧ ಸ್ಕ್ರೀನ್ ಅದಕ್ಕೆ, ಅರ್ಧ ಇದಕ್ಕೆ. ನಿನ್ನೆ ಅದೇ ರೆಕಾರ್ಡಿಂಗ್ ಮತ್ತೆ ಹಾಕಿದೆ. ಎಂಟ್ರಿ ನಂ. 14ರಲ್ಲಿ ಇನ್ನೊಂದು ತಪ್ಪು ಸಿಕ್ತು, ಅದು ಮಾತ್ರ ನನ್ನದೇ.