ಒಂದು ಯಂತ್ರ, ಎರಡು ಹಾದಿ

ಶಹಾಬಾದಿನ ಕಡೆಯಿಂದ ಬಂದ ರೈಲುದಾರಿಯು ವಾಡಿ ಜಂಕ್ಷನ್ನಿನಲ್ಲಿ ಕವಲೊಡೆದು, ಒಂದು ರಾಯಚೂರಿನತ್ತಲೂ ಇನ್ನೊಂದು ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿನತ್ತಲೂ ಸಾಗುವುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ವಿಂಡೋಸ್ ಮತ್ತು ಲಿನಕ್ಸ್ ಜೊತೆಗಿರುವ ಗಣಕಯಂತ್ರದಲ್ಲಿ ಗ್ರಬ್ ಎಂಬ ತಂತ್ರಾಂಶದ ಕೆಲಸವೂ ಇಂಥದೇ: ಯಂತ್ರವು ಎಚ್ಚೆತ್ತೊಡನೆ ಯಾವ ಹಾದಿಯೆಂದು ಕೇಳುವುದು.

ಕವಲು ಕೆಟ್ಟರೆ ಹಳಿ ನೆಟ್ಟಗಿದ್ದೂ ಫಲವಿಲ್ಲ. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಭದ್ರತಾ ಪರಿಷ್ಕರಣದ ತರುವಾಯ ಇಂಥ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಏಳಲೊಲ್ಲದಾಯಿತು. ಇದನ್ನು ಕಂಡು 'ಇದ್ದುದು ಇದ್ದಂತಿರಲಿ' ಎನ್ನುವವರುಂಟು. ನಾವು ಈ ಮಾತನ್ನು ಒಪ್ಪೆವು. ಉಬುಂಟು ಎಂಬ ಲಿನಕ್ಸಿನ 20.04ನೆಯ ಆವೃತ್ತಿಗೆ ಸಾಮಾನ್ಯ ಬೆಂಬಲವು 2025ರ ಮೇ ತಿಂಗಳಲ್ಲಿ ಮುಗಿಯಿತು. ತೇಪೆ ಕಾಣದ ವ್ಯವಸ್ಥೆಯಲ್ಲಿ ರಂಧ್ರಗಳು ಹಾಗೆಯೇ ಉಳಿಯುವುವು.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿ, ಅಲ್ಲಿ ತೆರೆದು ನೋಡಬೇಕು. ಲಿನಕ್ಸ್ ಇರುವ ಪೆನ್‌ಡ್ರೈವೊಂದನ್ನು ಸಿದ್ಧಪಡಿಸಿ, ಅದರಿಂದ ಯಂತ್ರವು ಏಳುವುದೇ ಎಂದು ಪರೀಕ್ಷಿಸಬೇಕು. ಕೆಟ್ಟ ಗ್ರಬ್ಬನ್ನು ಸರಿಪಡಿಸಲು ಅದೇ ಸಾಧನ. ವಿಂಡೋಸಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದನ್ನು ಮರಳಿ ತೆರೆಯುವ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಬೇಕು. ಲ್ಯಾಪ್‌ಟಾಪಿಗೆ ಚಾರ್ಜರ್ ಜೋಡಿಸಿಯೇ ಇರಬೇಕು. 20.04ರಿಂದ 22.04ಕ್ಕೆ, ಅಲ್ಲಿಂದ 24.04ಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಹೊಸದಾಗಿ ಸ್ಥಾಪಿಸಹೊರಟು 'ಇಡೀ ಡಿಸ್ಕನ್ನು ಅಳಿಸು' ಎಂಬ ಆಯ್ಕೆಯನ್ನು ಒತ್ತಿದರೆ ಎರಡು ವ್ಯವಸ್ಥೆಗಳೂ ಹೋಗುವುವು.

ಚಿಂಚೋಳಿಯ ಮನೆಯೊಂದರ ಏಕೈಕ ಯಂತ್ರದಲ್ಲಿ ಅಣ್ಣನ ಪ್ರಾಜೆಕ್ಟು, ತಂಗಿಯ ಟಿಪ್ಪಣಿ, ತಂದೆಯ ಅಂಗಡಿಯ ಲೆಕ್ಕ ಎಲ್ಲವೂ ಕೂಡಿರಬಹುದು. ಪ್ರಯೋಗಶಾಲೆಯಲ್ಲಿ ಅಳತೆಗೆ ಮುನ್ನ ಉಪಕರಣದ ಶೂನ್ಯದೋಷವನ್ನು ನೋಡಿಕೊಳ್ಳುವ ವಿದ್ಯಾರ್ಥಿಗೆ ಒಂದು ಸಂಜೆಯ ಈ ಸಿದ್ಧತೆ ಹೊರೆಯೆನಿಸಬಾರದು.