ಸೊನ್ನೆಯೆಂದು ಬರೆಯುವ ಕೆಲಸ

ಪ್ರತಿವರ್ಷವೂ ತರಗತಿಯಲ್ಲಿ ನಾವು ‘ಕೆಲಸ’ ಎಂಬ ಶಬ್ದಕ್ಕೆ ಭೌತವಿಜ್ಞಾನ ಕೊಡುವ ಅರ್ಥವನ್ನು ವಿವರಿಸಬೇಕಾಗುತ್ತದೆ. ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದರೆ ಬರುವುದೇ ಕೆಲಸ. 15 ಕಿಲೋಗ್ರಾಂ ತೂಗುವ ನೀರಿನ ಕೊಡವನ್ನು ನೆಲದಿಂದ 1 ಮೀಟರ್ ಎತ್ತಿ ಸೊಂಟದ ಮೇಲಿರಿಸಿಕೊಂಡರೆ ಸುಮಾರು 147 ಜೂಲ್ ಕೆಲಸವಾಯಿತು. ಅದನ್ನು ಹೊತ್ತು ಅಲ್ಲಿಯೇ ಅರ್ಧ ಗಂಟೆ ನಿಂತರೆ ಕೊಡದ ಮೇಲೆ ನಡೆದ ಕೆಲಸ ಸೊನ್ನೆ. ಹೀಗೆ ಹೇಳಿದಾಗ ಒಮ್ಮೆ ಹಿಂದಿನ ಬೆಂಚಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು, “ಹಾಗಾದರೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಒಲೆಯ ಮುಂದೆ ನಿಂತಿರುವ ನಮ್ಮ ಅಕ್ಕ ಏನೂ ಕೆಲಸ ಮಾಡುತ್ತಿಲ್ಲವೇ ಸಾರ್?” ಎಂದು ಕೇಳಿದಳು. ತರಗತಿ ನಕ್ಕಿತು. ಪ್ರಶ್ನೆ ಮಾತ್ರ ನಕ್ಕು ಬಿಡುವಂಥದಾಗಿರಲಿಲ್ಲ.

ಕಲ್ಲಿನ ಕಂಬವೊಂದು ನೂರು ವರ್ಷ ತೊಲೆಯನ್ನು ಹೊತ್ತು ನಿಂತರೂ ಅದಕ್ಕೆ ಆಹಾರ ಬೇಡ. ಮನುಷ್ಯನ ಸ್ನಾಯುವಿನ ಸ್ಥಿತಿ ಹಾಗಲ್ಲ. ಅದರೊಳಗೆ ಮಯೋಸಿನ್ ಎಂಬ ಪ್ರೋಟೀನಿನ ಅಣುಗಳು ಆಕ್ಟಿನ್ ಎಂಬ ಎಳೆಗಳನ್ನು ಹಿಡಿಯುತ್ತವೆ, ಎಳೆಯುತ್ತವೆ, ಬಿಡುತ್ತವೆ, ಪುನಃ ಹಿಡಿಯುತ್ತವೆ. ಪ್ರತಿಯೊಂದು ಆವೃತ್ತಿಗೂ ಎ.ಟಿ.ಪಿ. ಎಂಬ ರಾಸಾಯನಿಕದ ಒಂದೊಂದು ಅಣು ವೆಚ್ಚವಾಗುತ್ತದೆ. ಕೊಡ ಕದಲದಿದ್ದರೂ ಒಳಗಿನ ಈ ವ್ಯವಹಾರ ನಿಲ್ಲದು; ವೆಚ್ಚವಾದ ಶಕ್ತಿ ಶಾಖವಾಗಿ ಹೊರಬೀಳುತ್ತದೆ. ನಮ್ಮ ಸೂತ್ರ ತಪ್ಪಲ್ಲ. ಅದು ಕೊಡದ ಲೆಕ್ಕವನ್ನು ಹೇಳುತ್ತದೆ, ಹೊತ್ತವಳ ಲೆಕ್ಕವನ್ನು ಹೇಳುವುದಿಲ್ಲ, ಅಷ್ಟೆ.

ನಮ್ಮ ಮನೆಗಳಲ್ಲಿಯೂ ಲೆಕ್ಕ ಹೀಗೆಯೇ ನಡೆಯುತ್ತಿದೆ. “ನಿಮ್ಮ ತಾಯಿ ಏನು ಮಾಡುತ್ತಾರೆ?” ಎಂದು ಕೇಳಿದರೆ “ಏನೂ ಇಲ್ಲ, ಮನೆಯಲ್ಲೇ ಇರುತ್ತಾರೆ” ಎಂಬ ಉತ್ತರ ಬರುತ್ತದೆ. ಹೊಲಕ್ಕೋ ಕಾರ್ಖಾನೆಗೋ ಕಚೇರಿಗೋ ಹೋಗಿ ಬರುವ ತಾಯಿಯಾದರೆ, ಹೊರಗಿನ ದುಡಿಮೆಯನ್ನಷ್ಟೇ ಎಣಿಸಿ ಮನೆಯ ದುಡಿಮೆಯನ್ನು ಬಿಟ್ಟುಬಿಡುತ್ತೇವೆ. ವೆಚ್ಚವನ್ನೇ ಬರೆಯದ ಪುಸ್ತಕದಲ್ಲಿ ಭರ್ತಿಗೆ ಸ್ಥಳವೆಲ್ಲಿ? ಹೆಂಗಸರು ತಮ್ಮ ದೇಹವನ್ನು ನೋಡಿಕೊಳ್ಳಬೇಕೆಂಬ ಉಪದೇಶ ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ಅದು ಫಲಿಸಬೇಕಾದರೆ ಮೊದಲು ಈ ಲೆಕ್ಕ ಸರಿಯಾಗಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ ನಿಲ್ಲುವುದನ್ನೇ ಪರಿಶೀಲಿಸೋಣ. ಹೃದಯದಿಂದ ಪಾದದವರೆಗೆ ಸುಮಾರು 1.2 ಮೀಟರ್ ಎತ್ತರದ ರಕ್ತಸ್ತಂಭವಿದೆ. ದ್ರವಸ್ತಂಭದ ಒತ್ತಡವನ್ನು ಕಂಡುಹಿಡಿಯುವ ಸೂತ್ರ ಹೈಸ್ಕೂಲಿನವರಿಗೂ ಗೊತ್ತು. ಅದರಂತೆ, ಅಲುಗಾಡದೆ ನಿಂತವರ ಪಾದದ ಅಭಿಧಮನಿಗಳಲ್ಲಿ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಒತ್ತಡವಿರುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಪಂಪಿನಂತೆ ರಕ್ತವನ್ನು ಮೇಲಕ್ಕೆ ಒತ್ತುವುದರಿಂದ ಈ ಒತ್ತಡ ಇಳಿಯುತ್ತದೆ. ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಕಾಲು ಊದಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ತರಕಾರಿಯನ್ನು ಕುಳಿತು ಹೆಚ್ಚುವುದು, ನಡುನಡುವೆ ನಾಲ್ಕು ಹೆಜ್ಜೆ ನಡೆಯುವುದು, ಸ್ವಲ್ಪ ಹೊತ್ತು ಕಾಲು ಚಾಚಿ ಮಲಗುವುದು, ಇವು ಸೋಮಾರಿತನದ ಲಕ್ಷಣಗಳಲ್ಲ. ದ್ರವಗಳ ನಿಯಮಕ್ಕೆ ಕೊಡಲೇಬೇಕಾದ ಮನ್ನಣೆ.

ಎರಡನೆಯದು ರಕ್ತ. ಒಂದು ಗ್ರಾಂ ಹೀಮೊಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. 100 ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂ ಹೀಮೊಗ್ಲೋಬಿನ್ ಇದ್ದರೆ ಸುಮಾರು 16 ಮಿಲಿಲೀಟರ್ ಆಮ್ಲಜನಕ ಸಾಗುತ್ತದೆ. 9 ಗ್ರಾಂಗೆ ಇಳಿದರೆ 12 ಮಾತ್ರ. ಅಂದರೆ ಸಾಗಣೆಯ ಶಕ್ತಿಯಲ್ಲಿ ಕಾಲು ಭಾಗ ಹೋಯಿತು. ಕೆಲಸ ಮಾತ್ರ ಮೊದಲಿನಷ್ಟೇ ಇರುವುದರಿಂದ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಮೆಟ್ಟಿಲೇರುವಾಗ ಏದುಸಿರು ಬಿಡುವ ಅನೇಕ ತಾಯಂದಿರು “ವಯಸ್ಸಾಯಿತು” ಎಂದು ಸುಮ್ಮನಾಗುವುದರ ಹಿಂದೆ ಈ ಗಣಿತವಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿತ್ತು. ಅದೇ ವಯಸ್ಸಿನ ಗಂಡಸರಲ್ಲಿ ಶೇಕಡ 25. ಕರ್ನಾಟಕದ ಹೆಂಗಸರಲ್ಲಿ ಶೇಕಡ 47.8. ಇದು ತಾಯಂದಿರ ಮಾತು ಮಾತ್ರವಲ್ಲ: ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59. ಈ ಪುಟವನ್ನು ಓದುತ್ತಿರುವ ವಿದ್ಯಾರ್ಥಿನಿಯರೂ ಆ ವಯಸ್ಸಿನವರೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿದಂತೆ ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಗಂಡಸಿಗೆ 19. ಹೆಚ್ಚು ಬೇಕಾದವಳೇ ಎಲ್ಲರ ಊಟವಾದ ಮೇಲೆ, ತಳದಲ್ಲಿ ಉಳಿದುದನ್ನು ಬಡಿಸಿಕೊಳ್ಳುವುದು ಎಂತಹ ನ್ಯಾಯ? ಸೊಪ್ಪು, ಕಾಳು, ರಾಗಿ ಇವುಗಳ ಜೊತೆಗೆ ನಿಂಬೆಹಣ್ಣಿನ ರಸವಿದ್ದರೆ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದೊಡನೆಯೇ ಕುಡಿಯುವ ಕಾಫಿ, ಚಹಾಗಳು ಅದಕ್ಕೆ ಅಡ್ಡಿ. ಒಂದು ಗಂಟೆ ತಡೆದು ಕುಡಿಯುವುದು ಲೇಸು. ಆಯಾಸ ಬಹುಕಾಲ ಬಿಡದಿದ್ದರೆ ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆಯಂತೆ ನಡೆಯಬೇಕೇ ಹೊರತು ಊಹೆಯ ಮೇಲೆ ಮಾತ್ರೆ ನುಂಗಬಾರದು.

ಇಷ್ಟೆಲ್ಲ ಹೇಳಿದರೂ ಮುಖ್ಯವಾದ ಪ್ರಶ್ನೆ ಉಳಿಯುತ್ತದೆ. ಕುಳಿತು ಉಣ್ಣಲು, ಸಂಜೆ ನಡೆದಾಡಲು, ರಾತ್ರಿ ಏಳು ಗಂಟೆ ನಿದ್ರಿಸಲು ಬೇಕಾದ ಕಾಲವೆಲ್ಲಿದೆ? 2019ರ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆಯಲ್ಲಿ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ತೊಡಗಿದ ಗಂಡಸರು 97 ನಿಮಿಷ. ತೊಡಗಿದವರ ಸಂಖ್ಯೆಯಾದರೂ ಎಷ್ಟು? ನೂರು ಹೆಂಗಸರಲ್ಲಿ 81 ಮಂದಿ, ನೂರು ಗಂಡಸರಲ್ಲಿ 26 ಮಂದಿ. ದಿನದ 24 ಗಂಟೆಗಳು ಯಾರ ಬಯಕೆಯಿಂದಲೂ ಹಿಗ್ಗುವುದಿಲ್ಲ. ಹೀಗಿರುವಾಗ “ವ್ಯಾಯಾಮ ಮಾಡು, ವಿಶ್ರಮಿಸು” ಎಂದು ಅವಳಿಗೆ ಹೇಳುವುದು, ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ನೀರು ಸುರಿದಂತೆ. ಅವಳ ಆರೋಗ್ಯವೂ ಅವಳೇ ಮಾಡಬೇಕಾದ ಇನ್ನೊಂದು ಕೆಲಸವಾಗಿಬಿಡುತ್ತದೆ.

ಈಗ ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಬಂದಿವೆಯಲ್ಲ ಎಂದು ಕೆಲವರು ಹೇಳುವುದುಂಟು. ಯಂತ್ರ ತೋಳಿನ ಶ್ರಮವನ್ನು ತಗ್ಗಿಸಿದೆ ಎಂಬುದು ನಿಜ. ಅದಕ್ಕೆ ಬಟ್ಟೆ ತುಂಬುವವರು, ಒಣಹಾಕುವವರು, ಮಡಿಸಿಡುವವರು ಯಾರು? ತನ್ನನ್ನು ತಾನು ನೋಡಿಕೊಳ್ಳುವುದು ಹೆಂಗಸಿಗೆ ಸ್ವಾರ್ಥವಲ್ಲವೇ ಎಂಬ ಇನ್ನೊಂದು ಮಾತಿದೆ. ಎಣ್ಣೆ ಹಾಕದೆ ಗಾಣವನ್ನು ಓಡಿಸುವವನನ್ನು ನಾವು ತ್ಯಾಗಿ ಎನ್ನುವುದಿಲ್ಲ. ತಾಯಿಯ ಬವಳಿಯನ್ನು ಮಾತ್ರ ತ್ಯಾಗವೆಂದು ಹೊಗಳುತ್ತೇವೆ.

ವಿದ್ಯಾರ್ಥಿ ಮಿತ್ರರಲ್ಲಿ, ಅದರಲ್ಲಿಯೂ ಹುಡುಗರಲ್ಲಿ, ನಮ್ಮದೊಂದು ಸೂಚನೆಯಿದೆ. ಪ್ರಯೋಗಶಾಲೆಯಲ್ಲಿ ಮಾಡುವಂತೆ ಒಂದು ವಾರ ಮನೆಯ ಕಾಲಪಟ್ಟಿಯನ್ನು ಬರೆಯಿರಿ: ಯಾರು ಎಷ್ಟು ಹೊತ್ತಿಗೆ ಎದ್ದರು, ಎಷ್ಟು ಹೊತ್ತು ಕುಳಿತರು, ಯಾವಾಗ ಉಂಡರು, ಯಾವಾಗ ಮಲಗಿದರು. ಅನಂತರ ಒಂದು ಕೆಲಸವನ್ನು, ಪಾತ್ರೆ ತೊಳೆಯುವುದನ್ನೋ ಬಟ್ಟೆ ಮಡಿಸುವುದನ್ನೋ, ಪೂರ್ತಿಯಾಗಿ ವಹಿಸಿಕೊಳ್ಳಿರಿ. ‘ಸಹಾಯ’ವೆಂದು ಅಲ್ಲ, ನಿಮ್ಮ ಪಾಲೆಂದು. ಹೀಗೆ ಉಳಿದ ಅರ್ಧ ಗಂಟೆಯಲ್ಲಿ ತಾಯಿ ಏನು ಮಾಡಬೇಕೆಂಬುದನ್ನು ಅವಳೇ ನಿರ್ಧರಿಸಲಿ.

ಆ ವಿದ್ಯಾರ್ಥಿನಿಗೆ ನಾವು ಅಂದು ಕೊಟ್ಟ ಉತ್ತರ ಸ್ನಾಯುವಿಗೆ ಸಂಬಂಧಿಸಿದ್ದು. ಅದು ಅರ್ಧ ಉತ್ತರ. ಉಳಿದರ್ಧವನ್ನು ಅವಳ ಅಕ್ಕನ ಕಂಕುಳಿನ ಮಗುವನ್ನು ಇಳಿಸಿಕೊಳ್ಳುವ ಕೈಗಳು ಕೊಡಬೇಕು.